ದ್ರಾಕ್ಷಿ ಪಡದ ಮೇಲೆ ಡಿಸೆಂಬರ್ ಮೋಡ

ನಮ್ಮ ವಿಜಯಪುರ ಜಿಲ್ಲೆಯಲ್ಲಿ ಮಳೆ ಬೇಡ ಅನ್ನುವ ಬಾಯಿ ಹುಟ್ಟಿಲ್ಲ ಅನ್ನಬೇಕು. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಬಿದ್ದರೆ ಅದೇ ದೊಡ್ಡದು. ಅದೂ ಬರಬೇಕಾದ ಹೊತ್ತಿಗೆ ಬರುತ್ತದೆಂಬ ಭರವಸೆಯಿಲ್ಲ. ಗುರ್ಜಿ ಹೊತ್ತು ಮನೆಮನೆ ತಿರುಗಿ ನೀರು ಹಾಕಿಸಿಕೊಂಡು, ಗುಡಿಯಲ್ಲಿ ರಾತ್ರಿಯಿಡೀ ಭಜನೆ ಕೂತು ಮಳೆ ಕರೆದ ಊರುಗಳು ನಮ್ಮವು. ಅಂಥ ಸೀಮೆಯಲ್ಲಿ ವರ್ಷಕ್ಕೊಮ್ಮೆ ಮಾತ್ರ ಜನ ಮುಗಿಲಿಗೆ ಕೈಮುಗಿದು ‘ಈಗ ಬ್ಯಾಡಪ್ಪಾ, ಒಂದ್ ಹದಿನೈದ್ ದಿನ ತಡಿ’ ಎನ್ನುತ್ತಾರೆ. ನವೆಂಬರ್ ಮುಗಿದು ಡಿಸೆಂಬರ್ ಹುಟ್ಟುವ ಹೊತ್ತು ಅದು. ಹಾಗೆ ಬೇಡಿಕೊಳ್ಳುವವರು ದ್ರಾಕ್ಷಿ ಪಡ ಇದ್ದವರು ಮತ್ತು ಆ ಪಡದ ಕೂಲಿಯಿಂದ ಒಲೆ ಹೊತ್ತಿಸುವವರು.

ವಿಜಯಪುರದಿಂದ ಪಶ್ಚಿಮಕ್ಕೆ ತಿಕೋಟಾ ದಾಟಿ ಬಾಬಾನಗರ, ಹೊನವಾಡ, ಕನಮಡಿ ಕಡೆ ಹೊರಟರೆ ನೆಲ ಎರಡು ಬಗೆಯಾಗಿ ಕಾಣುತ್ತದೆ. ತಗ್ಗಿನಲ್ಲಿ ಎರೆ, ದಿಬ್ಬದಲ್ಲಿ ಮಡ್ಡಿ. ಎರೆಯಲ್ಲಿ ಹಿಂಗಾರಿ ಬಿಳಿಜೋಳ, ಕಡಲೆ, ಕುಸುಬೆ. ‘ಡೋಣಿ ಬೆಳೆದರೆ ಓಣಿಯೆಲ್ಲ ಕಾಳು’ ಎಂಬ ಗಾದೆ ಡೋಣಿ ಹೊಳೆಯ ಸೀಮೆಯ ಇಂಥ ಎರೆಯನ್ನು ಕುರಿತದ್ದೇ. ಮಡ್ಡಿಗೆ ಅಂಥ ಗಾದೆಯ ಭಾಗ್ಯವಿಲ್ಲ. ಗರಸು, ಕಲ್ಲು, ಮೇಲೆ ಗೇಣು ಮಣ್ಣು. ಸಜ್ಜೆಯನ್ನೋ ಹುರುಳಿಯನ್ನೋ ಚೆಲ್ಲಿ, ಬಂದಷ್ಟು ಬರಲಿ ಎಂದು ಬಿಡುತ್ತಿದ್ದರು. ಹೆಣ್ಣು ಕೊಡುವವರು ‘ಎರಿ ಎಷ್ಟೈತಿ’ ಎಂದು ಕೇಳುತ್ತಿದ್ದರೇ ಹೊರತು ಮಡ್ಡಿಯ ಸುದ್ದಿ ಎತ್ತುತ್ತಿರಲಿಲ್ಲ. ದ್ರಾಕ್ಷಿ ಬಂದ ಮೇಲೆ ಆ ಲೆಕ್ಕ ತಿರುಗಿತು. ಬುಡದಲ್ಲಿ ನೀರು ನಿಲ್ಲದ ನೆಲವೇ ಬಳ್ಳಿಗೆ ಬೇಕು. ಮಡ್ಡಿ ಒಡೆದು, ಡಾಗ್‌ರಿಜ್ ಬೇರುಗಿಡ ನೆಟ್ಟು, ಅದಕ್ಕೆ ಥಾಮ್ಸನ್ ಸೀಡ್‌ಲೆಸ್, ಸೋನಾಕಾ, ಮಾಣಿಕ್ ಚಮನ್ ಕಸಿ ಕಟ್ಟಿ, ಕಬ್ಬಿಣದ ಆ್ಯಂಗಲ್ ಮೇಲೆ ತಂತಿ ಎಳೆದು ಬಳ್ಳಿ ಹಬ್ಬಿಸಿದರು. ಬರಗಾಲದಲ್ಲಿ ಕೊಳವೆಬಾವಿ ಬತ್ತಿದಾಗ ಟ್ಯಾಂಕರ್ ನೀರು ಕೊಂಡು ತಂದು ಹನಿ ಹನಿಯಾಗಿ ಬುಡಕ್ಕೆ ಬಿಟ್ಟವರು ಇದೇ ಜನ. ಮನೆಗೆ ಎರಡು ಕೊಡ ಕಡಿಮೆಯಾದರೂ ಪಡಕ್ಕೆ ಕಡಿಮೆಯಾಗಲು ಬಿಡಲಿಲ್ಲ.

ನನ್ನ ತವರಿನ ಹೊಲವೂ ಹೀಗೆಯೇ ಇದೆ. ಮೇಲೆ ಮಡ್ಡಿಯಲ್ಲಿ ದ್ರಾಕ್ಷಿ, ಕೆಳಗೆ ಎರೆಯಲ್ಲಿ ಜೋಳ, ನಡುವೆ ಒಂದು ಬೇವಿನ ಮರ. ಪಡ ಅಣ್ಣನದು, ಜೋಳ ಅವ್ವನದು. ಕಾಗದದಲ್ಲಿ ಹಾಗಿಲ್ಲ, ಮನಸ್ಸಿನಲ್ಲಿ ಹಾಗೆ ಹಂಚಿಕೊಂಡಿದ್ದಾರೆ. ನಾನು ವಿಜಯಪುರದಲ್ಲಿ ಶಾಲೆಯ ಅಕ್ಕೋರು. ಶನಿವಾರದ ಅರ್ಧ ದಿನ ಮುಗಿಸಿ ತವರಿನ ಬಸ್ಸು ಹತ್ತುವುದು ನನ್ನ ರೂಢಿ. ದ್ರಾಕ್ಷಿ ಹೂವಿಗೆ ಬಂದ ವಾರಗಳಲ್ಲಂತೂ ತಪ್ಪಿಸುವುದಿಲ್ಲ.

ದ್ರಾಕ್ಷಿಯ ವರ್ಷದಲ್ಲಿ ಎರಡು ಚಾಟ್ನಿ. ಏಪ್ರಿಲ್ ಚಾಟ್ನಿ ಕಡ್ಡಿ ಬೆಳೆಸುವುದಕ್ಕೆ, ಅಕ್ಟೋಬರ್ ಚಾಟ್ನಿ ಹಣ್ಣಿಗೆ. ಅಕ್ಟೋಬರಿನಲ್ಲಿ ಕಡ್ಡಿ ಕತ್ತರಿಸಿ ಕಣ್ಣಿಗೆ ಪೇಸ್ಟ್ ಹಚ್ಚಿದರೆ ಚಿಗುರೊಡೆದು, ನಲವತ್ತು ದಿನಗಳ ಆಸುಪಾಸಿನಲ್ಲಿ ಹೂ. ದ್ರಾಕ್ಷಿ ಹೂವನ್ನು ಬಹಳ ಜನ ನೋಡಿರುವುದಿಲ್ಲ. ಬಣ್ಣವಿಲ್ಲ, ಎಸಳು ಅರಳುವುದಿಲ್ಲ. ಹಸಿರು ಟೊಪ್ಪಿಗೆಯೊಂದು ಕಳಚಿ ಬಿದ್ದು ಒಳಗಿನ ಕೇಸರಗಳು ಹೊರಗೆ ಬರುತ್ತವೆ, ಅಷ್ಟೇ. ಬೆಳಗಿನ ಹೊತ್ತು ಸಾಲಿನೊಳಗೆ ಬಗ್ಗಿ ನಿಂತರೆ ತೀರ ತೆಳುವಾದ ಒಂದು ಘಮ ಬರುತ್ತದೆ. ಆಮೇಲೆ ಮಣಿ ಕಟ್ಟುತ್ತದೆ. ಮಣಿಯ ಅಳತೆಯನ್ನು ನಮ್ಮವರು ಕಾಳಿನಲ್ಲೇ ಹೇಳುವುದು: ಸಾಸಿವೆ ಆಯಿತು, ಸಜ್ಜೆ ಆಯಿತು, ಜೋಳ ಆಯಿತು. ‘ಸಜ್ಜಿ ಆಗ್ಯಾವ ತಂಗಿ’ ಎಂದು ಅಣ್ಣ ಫೋನಿನಲ್ಲಿ ಅಂದರೆ, ಗೊಂಚಲುಗಳನ್ನು ಒಂದೊಂದಾಗಿ ಜಿಎ (ಜಿಬ್ಬರೆಲಿಕ್ ಆಮ್ಲ) ಬೆರೆಸಿದ ನೀರಿನಲ್ಲಿ ಅದ್ದುವ ಕೆಲಸ ಶುರುವಾಯಿತೆಂದು ತಿಳಿಯಬೇಕು. ಫೆಬ್ರುವರಿ, ಮಾರ್ಚಿನಲ್ಲಿ ಕಟಾವು. ನಮ್ಮ ಭಾಗದ ಹಣ್ಣು ಬಹುಪಾಲು ಶೆಡ್ಡಿನ ರ‍್ಯಾಕ್ ಏರಿ ಮಣೂಕವಾಗುತ್ತದೆ, ನಾಲ್ಕು ಕಿಲೋ ಹಸಿಹಣ್ಣಿಗೆ ಸುಮಾರು ಒಂದು ಕಿಲೋ. ಅಲ್ಲಿಂದ ತಾಸಗಾಂವ, ಸಾಂಗಲಿಯ ಪೇಟೆಗೆ.

ಹೂವಿನಿಂದ ಸಜ್ಜೆಯವರೆಗಿನ ಕೆಲವು ವಾರಗಳಲ್ಲಿ ಇಡೀ ವರ್ಷದ ಹಣೆಬರಹ ಅಡಗಿರುತ್ತದೆ. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಏಳುವ ದಿನಗಳೂ ಅವೇ. 2022ರ ಡಿಸೆಂಬರಿನಲ್ಲಿ ಮಾಮಲ್ಲಪುರಂ ಬಳಿ ಮಾಂಡೌಸ್, 2023ರ ಡಿಸೆಂಬರಿನಲ್ಲಿ ಬಾಪಟ್ಲ ಬಳಿ ಮಿಚಾಂಗ್, 2024ರ ನವೆಂಬರ್ ಕೊನೆಯ ದಿನ ಪುದುಚೇರಿ ಬಳಿ ಫೆಂಗಲ್. ಸಮುದ್ರವನ್ನೇ ನೋಡಿರದ ನನ್ನ ಶಾಲೆಯ ಮಕ್ಕಳಿಗೆ ಈ ಹೆಸರುಗಳು ಬಾಯಿಪಾಠ, ಯಾಕೆಂದರೆ ಆ ದಿನಗಳಲ್ಲಿ ಅವರ ಮನೆಯ ಮಾತೆಲ್ಲ ಅದೇ. ಇಂಥ ಚಂಡಮಾರುತಗಳು ನಮ್ಮವರೆಗೆ ಬರುವಷ್ಟರಲ್ಲಿ ಗಾಳಿ ಕಳೆದುಕೊಂಡಿರುತ್ತವೆ. ಬರುವುದು ಮೋಡ, ಜೊತೆಗೆ ಜಿಟಿಜಿಟಿ.

ಮುನ್ಸೂಚನೆಗೆ ಈಗ ಏನೂ ಕೊರತೆಯಿಲ್ಲ. ಫೋನಿನಲ್ಲಿ ಉಪಗ್ರಹದ ಚಿತ್ರವೇ ಬರುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣ ಮಿತ್ರ ಸಹಾಯವಾಣಿಗೆ ಕರೆ ಮಾಡಿ ಕೇಳುವವರೂ ಇದ್ದಾರೆ. ಆದರೂ ಅವ್ವ ನಂಬುವುದು ತನ್ನ ಮೈಯನ್ನು. ಚಳಿಗಾಲದಲ್ಲಿ ರಾಜ್ಯದ ಅತಿ ಕಡಿಮೆ ಉಷ್ಣಾಂಶ ಎಂದು ಪತ್ರಿಕೆಯಲ್ಲಿ ವಿಜಯಪುರದ ಹೆಸರು ಆಗಾಗ ಬರುತ್ತದಲ್ಲ, ಅಂಥ ಚಳಿ ನಮ್ಮದು. ನಸುಕಿನಲ್ಲಿ ಕೌದಿ ಹೊದ್ದರೂ ಬೆರಳು ಸೆಟೆಯುತ್ತವೆ. ಆ ಚಳಿ ಒಂದು ದಿನ ಇದ್ದಕ್ಕಿದ್ದಂತೆ ಸರಿದು, ರಾತ್ರಿ ಕೌದಿ ಬೇಡ ಅನ್ನಿಸಿದರೆ ಅವ್ವ ಎದ್ದು ಕೂಡುತ್ತಾಳೆ. ‘ಥಂಡಿ ಹೋತು. ನಾಳಿ ಮ್ವಾಡ ಬರತೈತಿ ನೋಡು.’ ಮರುದಿನ ಹೊತ್ತು ಏರುವಷ್ಟರಲ್ಲಿ ಮೂಡಣದ ಕಡೆ ಬೂದಿ ಬಣ್ಣ ಹಬ್ಬಿರುತ್ತದೆ. ಮೋಡದ ರಾತ್ರಿ ನೆಲದ ಶಾಖ ಮೇಲೆ ಹೋಗುವುದಿಲ್ಲ ಎಂದು ನಾನು ತರಗತಿಯಲ್ಲಿ ಪಾಠ ಹೇಳುತ್ತೇನೆ. ಅವ್ವ ಅದನ್ನು ಪಾಠ ಕೇಳದೆಯೇ ಅರಿತಿದ್ದಾಳೆ.

ಜೋರು ಮಳೆ ಸುರಿದು ಮರುದಿನ ಬಿಸಿಲು ಬಿದ್ದರೆ ಅಷ್ಟು ಭಯವಿಲ್ಲ. ಕೊಲ್ಲುವುದು ಜಿಟಿಜಿಟಿ. ಎಲೆ ತಾಸುಗಟ್ಟಲೆ ತೊಯ್ದಿದ್ದು, ಬಿಸಿಲು ಕಾಣದೆ, ಗಾಳಿ ನಿಂತರೆ ಡೌನಿ ರೋಗಕ್ಕೆ ಅದೇ ಹಬ್ಬ. ಆ ರೋಗಾಣುವಿನ ಬೀಜಕಗಳು ಎಲೆಯ ಮೇಲಿನ ನೀರಿನ ಪದರದಲ್ಲಿ ಈಜಿಕೊಂಡು ಹೋಗಿ, ಎಲೆಯ ಕೆಳಮೈಯ ಉಸಿರುರಂಧ್ರಗಳಿಂದ ಒಳಗೆ ಇಳಿಯುತ್ತವೆ. ಕೆಲವು ದಿನ ಬಿಟ್ಟು ಎಲೆಯ ಮೇಲೆ ಹಳದಿ ಚುಕ್ಕೆ. ಎಲೆ ತಿರುವಿ ನೋಡಿದರೆ ಬಿಳಿ ಬೂಷ್ಟು. ಎಲೆಗೆ ಬಂದರೆ ಹೇಗೋ ತಡೆಯಬಹುದು, ಹೂಗೊಂಚಲಿಗೆ ಬಂದರೆ ಮುಗಿಯಿತು. ಸಂಜೆ ಹಸಿರಾಗಿದ್ದದ್ದು ಎರಡು ದಿನದಲ್ಲಿ ಕಂದಾಗಿ ಒಣಗಿ, ಮುಟ್ಟಿದರೆ ಬೆರಳ ಸಂದಿಯಲ್ಲಿ ಪುಡಿಯಾಗುತ್ತದೆ. ಡೌನಿ ಬರದಿದ್ದರೂ ಹೂವಿನಲ್ಲಿ ನೀರು ನಿಂತರೆ ಕಾಯಿ ಕಟ್ಟದೆ ಉದುರುತ್ತವೆ.

ಈ ರೋಗದ ಮೂಲ ಅಮೆರಿಕ. 1878ರಲ್ಲಿ ಅದು ಫ್ರಾನ್ಸಿನ ತೋಟಗಳಲ್ಲಿ ಕಾಣಿಸಿಕೊಂಡಿತು. ಬೋರ್ಡೊ ಸೀಮೆಯ ಕೆಲವರು ದಾರಿಹೋಕರು ಹಣ್ಣು ಕೀಳದಿರಲೆಂದು ರಸ್ತೆ ಬದಿಯ ಸಾಲುಗಳಿಗೆ ಮೈಲುತುತ್ತ, ಸುಣ್ಣ ಕಲಸಿ ಎರಚುತ್ತಿದ್ದರು. ಆ ಸಾಲುಗಳ ಎಲೆ ಮಾತ್ರ ಉಳಿದದ್ದು ಮಿಲಾರ್ದೆ ಎಂಬ ಸಸ್ಯವಿಜ್ಞಾನಿಯ ಕಣ್ಣಿಗೆ ಬಿತ್ತು. 1885ರಲ್ಲಿ ಅವನು ಅದನ್ನು ಔಷಧವೆಂದು ಪ್ರಕಟಿಸಿದ. ಇಂದಿಗೂ ನಮ್ಮ ಪಡಗಳಲ್ಲಿ ಮಳೆಗಾಲದ ಎಲೆಗೆ ಹೊಡೆಯುವುದು ಅದೇ ಬೋರ್ಡೊ ದ್ರಾವಣ: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಅಪ್ಪ ಇದ್ದಾಗ ಅದನ್ನು ಕಲಸುವುದು ನೋಡಲೆಂದೇ ನಾನು ಬ್ಯಾರಲ್ ಪಕ್ಕ ನಿಲ್ಲುತ್ತಿದ್ದೆ. ಎರಡನ್ನೂ ಬೇರೆ ಬೇರೆ ಕರಗಿಸಿ, ಕೋಲಿನಿಂದ ತಿರುವುತ್ತ ಒಟ್ಟಿಗೆ ಸುರಿದರೆ ಕಣ್ಣು ಕೀಳಲಾಗದ ತಿಳಿನೀಲಿ ಏಳುತ್ತಿತ್ತು. ಆಮೇಲೆ ಕುಡಗೋಲಿನ ಅಲಗನ್ನು ಉಜ್ಜಿ ತೊಳೆದು ಅದರಲ್ಲಿ ಅದ್ದುತ್ತಿದ್ದರು. ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಇನ್ನಷ್ಟು ಸುಣ್ಣದ ನೀರು ಹಾಕಿ, ಅಲಗು ಬೆಳ್ಳಗೇ ಉಳಿಯುವ ತನಕ ಅದ್ದಿ ಅದ್ದಿ ನೋಡುತ್ತಿದ್ದರು. ಕೆಂಪು ಹತ್ತಿದ ದ್ರಾವಣ ಹೊಡೆದರೆ ಎಲೆಯೇ ಸುಡುತ್ತದೆ. ಹೂವಿನ ಹೊತ್ತಿಗೆ ಮಾತ್ರ ಬೋರ್ಡೊ ಮುಟ್ಟುವುದಿಲ್ಲ, ಹೂ ತಡೆಯದು. ಆಗ ಅಂಗಡಿಯ ಔಷಧವೇ ಗತಿ, ಅದರ ಬೆಲೆಯೇ ರೈತನ ಕುತ್ತಿಗೆಗೆ ಬರುತ್ತದೆ.

ಮೋಡದ ಸುದ್ದಿ ಬಂದ ದಿನ ಪಡದಲ್ಲಿ ಕೆಲಸ ಉಕ್ಕುತ್ತದೆ. ಮೊದಲು ಡ್ರಿಪ್ ಬಂದ್. ಬಳ್ಳಿ ನೀರು ಕುಡಿದು ಸೊಕ್ಕಿದ್ದರೆ ರೋಗ ಬೇಗ ಹತ್ತುತ್ತದೆ. ಅಂಚಿನ ಆ್ಯಂಗಲ್ಲುಗಳಿಗೆ ಕಟ್ಟಿದ ತಂತಿಗಳನ್ನು ಬಿಗಿಯಬೇಕು, ತೊಯ್ದ ಬಳ್ಳಿಯ ಭಾರಕ್ಕೆ ಒಂದು ಕಡೆ ಸಡಿಲಾದರೆ ಸಾಲಿಗೆ ಸಾಲೇ ವಾಲುತ್ತದೆ. ಅಣ್ಣ ಟ್ರ್ಯಾಕ್ಟರಿಗೆ ಬ್ಲೋವರ್ ಹೂಡಿ ಮಳೆಗೆ ಮೊದಲೇ ಒಂದು ಸಲ ಎಣ್ಣೆ ಹೊಡೆದು ಮುಗಿಸುವ ಆತುರದಲ್ಲಿರುತ್ತಾನೆ. ಆ ದಿನ ಅವನ ಜೊತೆ ಮಾತಾಡುವುದು ಕಷ್ಟ. ವೈನಿ ಚಹಾ ಒಯ್ದು ಕೊಟ್ಟರೂ ಟ್ರ್ಯಾಕ್ಟರಿನಿಂದ ಇಳಿಯದೆ ಕುಡಿದು ಲೋಟ ವಾಪಸ್ ಕೊಡುತ್ತಾನೆ.

ಉಳಿದದ್ದೆಲ್ಲ ಹೆಂಗಸರ ಕೆಲಸ. ಪಕ್ಕದ ತಾಂಡಾದಿಂದಲೂ ನಮ್ಮೂರಿನಿಂದಲೂ ಗುಂಪು ಬರುತ್ತದೆ. ಗೊಂಚಲಿನ ಸುತ್ತಲಿನ ಎಲೆ ತೆಗೆದು ಗಾಳಿಗೆ ದಾರಿ ಮಾಡಬೇಕು, ಜೋತುಬಿದ್ದ ಚಿಗುರನ್ನು ತಂತಿಗೆ ಎತ್ತಿ ಕಟ್ಟಬೇಕು, ಹೆಚ್ಚಾದ ಬಗಲಚಿಗುರು ಚಿವುಟಬೇಕು. ದೂರದಿಂದ ನೋಡಿದರೆ ಎಲೆ ಕೀಳುವುದು ಏನು ಮಹಾ ಅನ್ನಿಸುತ್ತದೆ. ಹತ್ತಿರ ನಿಂತು ನೋಡಬೇಕು. ಎಡಗೈ ಗೊಂಚಲನ್ನು ಮುಟ್ಟದೆ ಅದರ ಹಿಂದೆ ಹೋಗಿ ಕಾಪಾಗಿ ನಿಲ್ಲುತ್ತದೆ, ಬಲಗೈ ಎಲೆಯ ತೊಟ್ಟನ್ನು ಕೆಳಮುಖವಾಗಿ ಒತ್ತಿ ಮುರಿಯುತ್ತದೆ. ಮೇಲಕ್ಕೆ ಎಳೆದರೆ ಸಿಪ್ಪೆ ಸುಲಿದು ಕಡ್ಡಿಗೆ ಗಾಯ, ಪಕ್ಕಕ್ಕೆ ಎಳೆದರೆ ಹೂ ಉದುರುತ್ತದೆ. ಯಾವ ಎಲೆ ಉಳಿಯಬೇಕು ಎಂಬುದೂ ಅವರಿಗೇ ಗೊತ್ತು. ಗೊಂಚಲಿಗೆ ಮುಂದೆ ನೆರಳು ಕೊಡುವ ಎಲೆ ತೆಗೆದರೆ ಫೆಬ್ರುವರಿಯ ಬಿಸಿಲಿಗೆ ಮಣಿ ಸುಡುತ್ತದೆ. ಪುಸ್ತಕ ಓದಿ ಕಲಿತ ಕೆಲಸವಲ್ಲ. ಪುಣೆ ಬಳಿಯ ಮಾಂಜ್ರಿಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರದಿಂದಲೂ, ನಮ್ಮದೇ ತಿಡಗುಂದಿಯ ತೋಟಗಾರಿಕೆ ಸಂಶೋಧನಾ ಕೇಂದ್ರದಿಂದಲೂ ಒಳ್ಳೆಯ ಸಲಹೆಗಳು ಬರುತ್ತವೆ. ಆ ಸಲಹೆ ಬಳ್ಳಿಗೆ ತಲುಪುವುದು ಈ ಕೈಗಳಿಂದ.

ಮನೆಯ ಸಿದ್ಧತೆಯೇ ಬೇರೆ. ನಮ್ಮದು ಹಳೆಯ ಮಾಳಿಗೆ ಮನೆ. ಮಳೆ ಹಿಡಿದರೆ ಎಲ್ಲಿ ಸೋರುತ್ತದೆಂದು ಪ್ರತಿಯೊಬ್ಬರಿಗೂ ಗೊತ್ತು. ನಾನೂ ವೈನಿಯೂ ಏಣಿ ಹತ್ತಿ ಆ ಜಾಗಗಳಿಗೆ ಸವಳು ಮಣ್ಣು ಹರವಿ, ಕಾಲಿನಿಂದ ತುಳಿದು, ಬೆಳಕಿಂಡಿಗೆ ಚಪ್ಪಡಿ ಎಳೆದು ಮುಚ್ಚುತ್ತೇವೆ. ಮುಚ್ಚಿದ ಕೂಡಲೇ ಅಡಿಗೆಮನೆ ಕತ್ತಲೆ. ಕಣಕಿ ಬಣವೆಗೆ ತಾಡಪತ್ರಿ, ಅದರ ನಾಲ್ಕೂ ಮೂಲೆಗೆ ಕಲ್ಲು. ಕುಳ್ಳು, ಕಟ್ಟಿಗೆ ಪಡಸಾಲೆಗೆ. ಕರೆಂಟು ಹೋಗುವುದು ಖಂಡಿತ, ಆದ್ದರಿಂದ ಫೋನು, ಬ್ಯಾಟರಿ ಚಾರ್ಜಿಗೆ. ವೈನಿ ಒಲೆ ಮುಂದೆ ಕೂತು ರೊಟ್ಟಿ ಬಡಿಯತೊಡಗಿದರೆ ಬುಟ್ಟಿ ತುಂಬುವವರೆಗೆ ಏಳುವುದಿಲ್ಲ. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಇದ್ದರೆ ಒಲೆ ಹೊತ್ತದಿದ್ದರೂ ಮನೆಮಂದಿಗೂ ಗುಂಪಿನವರಿಗೂ ನಡೆಯುತ್ತದೆ.

ಇಷ್ಟೆಲ್ಲದರ ನಡುವೆ ಅವ್ವ ಬೇವಿನ ಮರದ ಕೆಳಗೆ ನಿಂತು ತನ್ನ ಜೋಳ ನೋಡುತ್ತಿರುತ್ತಾಳೆ. ಹಿಂಗಾರಿ ಜೋಳಕ್ಕೆ ಆ ಹೊತ್ತಿಗೆ ಒಂದು ಹದ ಮಳೆ ಬಿದ್ದರೆ ತೆನೆ ಗಟ್ಟಿ, ಕಣಕಿ ಉದ್ದ. ಎರೆ ಬಿರುಕು ಬಿಟ್ಟು ಬಾಯಿ ತೆರೆದಿರುತ್ತದೆ. ಮೇಲಿನ ಹೊಲಕ್ಕೆ ಕೇಡಾದ ಮೋಡವೇ ಕೆಳಗಿನ ಹೊಲಕ್ಕೆ ವರ. ಅವಳ ಬಾಯಲ್ಲಿ ಮಾತ್ರ ಆ ಮಾತು ಬಂದದ್ದನ್ನು ನಾನು ಕೇಳಿಲ್ಲ. ‘ಜ್ವಾಳದ್ದು ಹೆಂಗರ ಆಗತೈತಿ, ಪಡ ಉಳದ್ರ ಸಾಕು’ ಎನ್ನುತ್ತಾಳೆ. ಪಡದ ಮೇಲೆ ಸಾಲವಿದೆ, ಜೋಳದ ಮೇಲಿಲ್ಲ ಎಂಬುದು ಅವಳಿಗೆ ತಿಳಿದಿದೆ. ದ್ರಾಕ್ಷಿ ಬಂದು ನಮ್ಮ ಊರಿಗೆ ದುಡ್ಡು ತಂದದ್ದು ನಿಜ. ಮಳೆಯನ್ನು ಮನಸಾರೆ ಸ್ವಾಗತಿಸುವ ಹಕ್ಕನ್ನು ಕಿತ್ತುಕೊಂಡದ್ದೂ ಅಷ್ಟೇ ನಿಜ.

ರಾತ್ರಿ ಜಿಟಿಜಿಟಿ ಹಿಡಿದರೆ ಯಾರಿಗೂ ನಿದ್ದೆಯಿಲ್ಲ. ನಸುಕಿನಲ್ಲಿ ಮಳೆ ಸ್ವಲ್ಪ ಬಿಡುವು ಕೊಟ್ಟ ಕೂಡಲೇ ನಡೆಯುವ ಕೆಲಸವನ್ನು ಹೊರಗಿನವರು ನೋಡಿರಲಾರರು. ಗುಂಪಿನ ಹೆಂಗಸರು ಗೊಬ್ಬರದ ಚೀಲವನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು, ಕೈಯಲ್ಲೊಂದು ಬಿದಿರು ಕೋಲು ಹಿಡಿದು ಸಾಲಿಗೊಬ್ಬರಂತೆ ಒಳಗೆ ಇಳಿಯುತ್ತಾರೆ. ಕೋಲಿನಿಂದ ತಂತಿಗೆ ಮೆಲ್ಲಗೆ ತಟ್ಟುತ್ತ ಹೋಗುತ್ತಾರೆ. ತಟ್ಟಿದ ಪ್ರತಿ ಸಲ ಎಲೆ, ಹೂ, ಮಣಿಗಳ ಮೇಲೆ ನಿಂತ ನೀರು ದಡಬಡ ಉದುರಿ ಅವರ ಮೈಮೇಲೆ ಬೀಳುತ್ತದೆ. ಆ ನೀರು ಬಳ್ಳಿಯ ಮೇಲಿಂದ ಎಷ್ಟು ಬೇಗ ಕೆಳಗೆ ಬಿತ್ತೋ ಅಷ್ಟು ಡೌನಿ ಕಡಿಮೆ. ಅವರ ಹಿಂದೆ ಅಣ್ಣ ಔಷಧವಿಲ್ಲದ ಬ್ಲೋವರ್ ಓಡಿಸುತ್ತಾನೆ, ಬರೀ ಗಾಳಿಯಿಂದ ಉಳಿದ ತೇವ ಆರಲೆಂದು. ನಾನೂ ಕೋಲು ಹಿಡಿದು ಒಂದು ಸಾಲಿಗೆ ಇಳಿದಾಗ ಗುಂಪಿನ ಹಿರಿಯಾಕೆ ಪಕ್ಕದ ಸಾಲಿನಿಂದಲೇ ಕೂಗಿ ಹೇಳಿದಳು: ‘ಅಕ್ಕೋರ, ಜೋರ ಹೊಡೀಬ್ಯಾಡ್ರಿ. ಮಲಗಿದ ಕೂಸಿನ್ನ ಎಬ್ಬಿಸಿದಂಗ ತಟ್ರಿ.’ ಸಾಲಿನ ತುದಿ ಮುಟ್ಟುವಷ್ಟರಲ್ಲಿ ಸೀರೆ ಮೊಣಕಾಲಿನವರೆಗೆ ಕೆಸರು, ತೋಳಿನಿಂದ ಬಗಲಿಗೆ ಇಳಿದ ನೀರಿಗೆ ಹಲ್ಲು ಕಟಕಟ. ಅವರು ಮಧ್ಯಾಹ್ನದವರೆಗೆ ಹಾಗೆಯೇ ತಟ್ಟಿದರು. ಮತ್ತೆ ಮಳೆ ಬಂತು, ನಿಂತಿತು, ಮತ್ತೆ ತಟ್ಟಿದರು.

ಒಂದು ವರ್ಷ ಹೀಗೆ ಉಳಿಸಿಕೊಂಡೆವು. ಇನ್ನೊಂದು ವರ್ಷ ಮೋಡ ಸರಿಯಲೇ ಇಲ್ಲ, ಕೆಳಗಿನ ಸಾಲುಗಳ ಗೊಂಚಲು ಹೋಯಿತು. ಆಗ ಪಂಚನಾಮೆ ನಡೆಯುತ್ತದೆ. ಕೇಂದ್ರ ಸರ್ಕಾರ 2022ರಲ್ಲಿ ಪರಿಷ್ಕರಿಸಿದ ದರಪಟ್ಟಿಯಂತೆ ಶೇ. 33ಕ್ಕಿಂತ ಕಡಿಮೆ ಹಾನಿಗೆ ಏನೂ ಇಲ್ಲ. ಅದಕ್ಕೆ ಮೇಲ್ಪಟ್ಟರೆ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500 ರೂಪಾಯಿ, ಅದೂ ಎರಡು ಹೆಕ್ಟೇರಿನವರೆಗೆ ಮಾತ್ರ. ಎಕರೆಗೆ ಲೆಕ್ಕ ಹಾಕಿದರೆ ಸುಮಾರು ಒಂಬತ್ತು ಸಾವಿರ. ಎಕರೆಗೆ ಲಕ್ಷಗಳನ್ನು ಸುರಿದವನಿಗೆ ಅದು ಯಾವ ಮೂಲೆಗೂ ಸಾಲದು. ಹವಾಮಾನ ಆಧಾರಿತ ಬೆಳೆ ವಿಮೆ ಇದೆ, ರೈತ ವಿಮಾ ಮೊತ್ತದ ಶೇ. 5 ಕಟ್ಟಬೇಕು. ಅದು ಸಿಕ್ಕ ವರ್ಷ ಜೀವ ಉಳಿದಿದೆ ಎಂದು ಒಪ್ಪುತ್ತೇನೆ. ಸಾಲದಾದರೂ, ತಡವಾದರೂ, ಪಡ ಇದ್ದವನ ನಷ್ಟಕ್ಕೆ ಒಂದು ಕಾಗದವಾದರೂ ಇದೆ.

ತಂತಿ ತಟ್ಟಿದವರಿಗೆ ಆ ಕಾಗದವೂ ಇಲ್ಲ. ಹೂ ಹೋದ ಪಡದಲ್ಲಿ ಜಿಎ ಅದ್ದುವ ಕೆಲಸವಿಲ್ಲ, ಕತ್ತರಿ ಹಿಡಿದು ಮಣಿ ಬಿಡಿಸುವ ಕೆಲಸವಿಲ್ಲ, ಕಟಾವಿಲ್ಲ, ಶೆಡ್ಡಿನಲ್ಲಿ ಮಣೂಕ ಆರಿಸುವ ಕೆಲಸವೂ ಇಲ್ಲ. ಡಿಸೆಂಬರಿನಿಂದ ಏಪ್ರಿಲ್‌ವರೆಗಿನ ಅವರ ಪಗಾರ ಒಂದೇ ವಾರದ ಮೋಡಕ್ಕೆ ಕೊಚ್ಚಿಹೋಗುತ್ತದೆ. ಆ ವರ್ಷ ನನ್ನ ಶಾಲೆಯಲ್ಲೂ ಕೆಲವು ಹುಡುಗಿಯರು ಜನವರಿಯಿಂದ ಬರಲಿಲ್ಲ. ತಾಯಂದಿರ ಜೊತೆ ಕಬ್ಬು ಕಡಿಯಲು ಹೋಗಿದ್ದರು. ಹಾಜರಿ ಪುಸ್ತಕದಲ್ಲಿ ಗೈರು ಎಂದು ಬರೆಯುವಾಗ ಆ ಕೋಲು ಹಿಡಿದ ಕೈಗಳು ನನ್ನ ಕಣ್ಣ ಮುಂದೆ ಬಂದವು. ಯಾವ ಪಂಚನಾಮೆಯಲ್ಲೂ ಅವರನ್ನು ಯಾರೂ ಎಣಿಸಿರಲಿಲ್ಲ.

ಈ ವಿಷಯ ನಾನು ಮನೆಯಲ್ಲಿ ಎತ್ತಿದಾಗ ಅಣ್ಣ ಮೊದಲು ಸುಮ್ಮನಿದ್ದ. ಅವನ ಸಾಲದ ಲೆಕ್ಕ ನನಗೆ ಗೊತ್ತಿಲ್ಲದ್ದಲ್ಲ. ವೈನಿಯೇ ಅಂದಳು: ‘ಅವರ ಕೈ ಇಲ್ಲಂದ್ರ ನಮ್ಮ ಪಡ ಎಲ್ಲಿ ಇರತಿತ್ತರೀ?’ ಮಳೆಯಿಂದ ಕೆಲಸ ನಿಂತ ದಿನಗಳಿಗೆ ಗುಂಪಿನವರಿಗೆ ಅರ್ಧ ಪಗಾರ ಕೊಡುವುದೆಂದು ಈಗ ನಮ್ಮಲ್ಲಿ ಗೊತ್ತುಪಡಿಸಿದ್ದೇವೆ. ಪಡ ಇರುವ ಪ್ರತಿ ಮನೆಯವರೂ ಇಷ್ಟು ಮಾಡಬೇಕೆಂದು ಕೇಳಿಕೊಳ್ಳುತ್ತೇನೆ. ಇನ್ನು ಸರ್ಕಾರ ಮಾಡಬೇಕಾದದ್ದು: ಪಂಚನಾಮೆಯ ನಮೂನೆಯಲ್ಲಿ ಹಾಳಾದ ಎಕರೆಯ ಪಕ್ಕದಲ್ಲಿ, ಆ ಎಕರೆಯನ್ನು ನಂಬಿ ದುಡಿಯುತ್ತಿದ್ದವರ ಹೆಸರಿಗೂ ಒಂದು ಕಾಲಂ ಹಾಕಬೇಕು.